ಒನ್ ಟೌನ್ ಓಲೆ: ಸ್ಟೆಪ್ನಿಗೆ ಗಾಳಿ ನೋಡಿದ್ಯಾ?

ನವೆಂಬರ್ ಬಂತೆಂದರೆ ನಮ್ಮ ಓಣಿಯಲ್ಲಿ ಎರಡು ಗದ್ದಲ ಶುರು. ಒಂದು, ಬುರುಜುಪೇಟದ ಕನಕ ಮಹಾಲಕ್ಷ್ಮಿ ಗುಡಿಯಲ್ಲಿ ಮಾರ್ಗಶಿರದ ಗುರುವಾರಗಳಿಗೆ ನಡೆಯುವ ತಯಾರಿ. ಇನ್ನೊಂದು, ಬೆಂಗಳೂರು, ಹೈದರಾಬಾದು, ಪುಣೆಯಿಂದ ಬರುವ ಗೆಳೆಯರ ಫೋನು. "ಡಿಸೆಂಬರ್ ರಜೆಗೆ ವೈಜಾಗ್‌ಗೆ ಬರ್ತಿದ್ದೀವಿ ಕಣೋ. ಅರಕು, ಲಂಬಸಿಂಗಿ ಕಡೆ ಕಾರಲ್ಲೇ ಒಂದು ರೌಂಡ್ ಹೋಗಿಬರೋಣ ಅಂತ. ದಾರಿ ಹೇಗಿದೆ?"

ದಾರಿ ಚೆನ್ನಾಗಿಯೇ ಇದೆ. ಮೊದಲೆಲ್ಲ ಹಾಗೆ ಹೇಳಿ ಫೋನ್ ಇಡುತ್ತಿದ್ದೆ. ಈಗ ಹಾಗಲ್ಲ, "ತಯಾರಿ ಹೇಗಿದೆ?" ಅಂತ ತಿರುಗಿ ಕೇಳುತ್ತೇನೆ. ಯಾಕೆ ಅನ್ನೋದನ್ನು ಈ ಸಲದ ಓಲೆಯಲ್ಲಿ ಹೇಳಬೇಕು. ಹೇಳುವಾಗ ನನ್ನ ದಡ್ಡತನವೂ ಹೊರಗೆ ಬರುತ್ತದೆ, ಅದಕ್ಕೇನೂ ಮಾಡುವ ಹಾಗಿಲ್ಲ.

ಹೊಸ ಓದುಗರಿಗೆ ಎರಡು ಮಾತು. ನಾನು ಮಲೆನಾಡಿನವನು, ಕೆಲಸ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯದು, ಕೂತು ಮಾಡುವುದು ವಿಶಾಖಪಟ್ಟಣದ ಒನ್ ಟೌನ್‌ನಲ್ಲಿ. ಹೆಂಡತಿಗೆ ಇಲ್ಲಿನ ಬ್ಯಾಂಕಿಗೆ ವರ್ಗವಾದಾಗ ಎಲ್ಲರೂ ಬೀಚ್ ರೋಡಿನ ಕಡೆ ಮನೆ ನೋಡಿ ಅಂದರು. ನಮಗೆ ಸಿಕ್ಕಿದ್ದು ಹಳೇ ಊರಿನ ಕುರುಪಾಂ ಮಾರ್ಕೆಟ್ಟಿಗೆ ನಡೆದು ಹೋಗುವಷ್ಟು ಹತ್ತಿರದ ಮನೆ. ಟೆರೇಸಿಗೆ ಹೋದರೆ ಒಂದು ಕಡೆ ಬಂದರಿನ ಕ್ರೇನುಗಳು, ಇನ್ನೊಂದು ಕಡೆ ಮೂರು ಗುಡ್ಡ: ಒಂದರ ಮೇಲೆ ಚರ್ಚು, ಒಂದರ ಮೇಲೆ ದರ್ಗಾ, ಒಂದರ ಮೇಲೆ ವೆಂಕಟೇಶ್ವರನ ಗುಡಿ. ದೂರದಲ್ಲಿ ಆಕಾಶ ತಿಳಿಯಾಗಿದ್ದ ದಿನ ಪೂರ್ವ ಘಟ್ಟದ ನೀಲಿ ಗೆರೆ. ಆ ಗೆರೆ ನೋಡಿಯೇ ನಾವು ಮೋಸಹೋದದ್ದು.

ಘಟ್ಟ ಅಂದರೆ ನಮಗೇನು ಹೊಸದಾ?

ಆಗುಂಬೆ, ಹುಲಿಕಲ್, ಚಾರ್ಮಾಡಿ, ಶಿರಾಡಿ ಹತ್ತಿಳಿದ ನಮಗೆ ಘಟ್ಟ ಅಂದರೆ ಒಂದು ಉಡಾಫೆ ಇರುತ್ತದೆ. ಆದರೆ ಲೆಕ್ಕ ಬೇರೆ. ಆಗುಂಬೆ ಇಳಿದರೆ ಸೋಮೇಶ್ವರ, ಹತ್ತಿದರೆ ಆಗುಂಬೆ ಪೇಟೆ. ಹದಿನಾಲ್ಕು ತಿರುವು ದಾಟಿದರೆ ಯಾವ ಕಡೆಗಾದರೂ ಒಂದು ಊರು, ಒಂದು ಹೋಟೆಲು. ಇಲ್ಲಿ ಘಟ್ಟ ಹತ್ತಿದ ಮೇಲೆಯೇ ದಾರಿ ಶುರು. ಮೇಲೆ ಹೋದಮೇಲೆ ಕಣಿವೆ, ಮತ್ತೆ ಘಟ್ಟ, ಮತ್ತೆ ಕಾಡು. ಒಡಿಶಾದ ಕೊರಾಪುಟ್, ಮಲ್ಕನ್‌ಗಿರಿವರೆಗೂ ಹಾಗೇ.

ಈ ಸೀಮೆಗೆ ಇಲ್ಲಿನವರು 'ಏಜೆನ್ಸಿ' ಅನ್ನುತ್ತಾರೆ. ಟ್ರಾವೆಲ್ ಏಜೆನ್ಸಿ ಅಂದುಕೊಂಡು ನಾನು ಮೊದಲ ತಿಂಗಳು ಪೆಚ್ಚಾಗಿದ್ದೆ. ಬ್ರಿಟಿಷರು 1839ರಲ್ಲಿ ಗಂಜಾಂ ಮತ್ತು ವಿಶಾಖಪಟ್ಟಣದ ಗುಡ್ಡಗಾಡುಗಳನ್ನು ಮಾಮೂಲಿ ಕಾಯ್ದೆ ಕಾನೂನುಗಳಿಂದ ಹೊರಗಿಟ್ಟು, ಒಬ್ಬ 'ಏಜೆಂಟ'ನ ಕೈಗೆ ಕೊಟ್ಟರು. ಆ ಹೆಸರು ಈಗಲೂ ಉಳಿದಿದೆ. ತೆಲುಗಿನ ಹಳೇ ಹೆಸರು 'ಮನ್ಯಂ'. 1922ರ ಆಗಸ್ಟಿನಲ್ಲಿ ಅಲ್ಲೂರಿ ಸೀತಾರಾಮರಾಜು ಚಿಂತಪಲ್ಲಿ, ಕೃಷ್ಣದೇವಿಪೇಟ, ರಾಜವೊಮ್ಮಂಗಿ ಠಾಣೆಗಳ ಮೇಲೆ ಒಂದರ ಹಿಂದೊಂದು ದಾಳಿ ಮಾಡಿ ಬಂದೂಕು ಒಯ್ದದ್ದು ಇದೇ ಕಾಡಿನಲ್ಲಿ. ಸುಮಾರು ಎರಡು ವರ್ಷ ಸರ್ಕಾರದ ಕೈಗೆ ಸಿಗದೆ ಓಡಾಡಿದ. ಅವನಿಗೆ ಈ ಕಾಡಿನ ಜನ ಜೊತೆಗಿದ್ದರು. ನಮ್ಮ ಜೊತೆಗಿದ್ದದ್ದು ಎರಡು ಮೊಬೈಲು. 2022ರ ಏಪ್ರಿಲ್ 4ರಂದು ಈ ಭಾಗಕ್ಕೆ ಅವನ ಹೆಸರಲ್ಲೇ ಹೊಸ ಜಿಲ್ಲೆಯಾಯಿತು, ಪಾಡೇರು ಜಿಲ್ಲಾ ಕೇಂದ್ರ.

ಆ ಸಾಯಂಕಾಲ

ಹೋದ ಡಿಸೆಂಬರಿನಲ್ಲಿ ಸಾಗರದಿಂದ ಅಮ್ಮ ಬಂದಿದ್ದಳು. ಅರವತ್ತೆಂಟು ವರ್ಷ, ಸಕ್ಕರೆ ಕಾಯಿಲೆ, ಬಾಯಿಗೆ ಮಾತ್ರ ದಣಿವಿಲ್ಲ. "ಸಮುದ್ರ ನೋಡಿ ನೋಡಿ ಸಾಕಾತು, ಸ್ವಲ್ಪ ಕಾಡು ತೋರ್ಸು" ಅಂದಳು. ಲಂಬಸಿಂಗಿಗೆ ಹೋಗಿ ಸಂಜೆಗೆ ಬರೋಣ ಅಂತ ಬೆಳಗ್ಗೆ ಆರಕ್ಕೆ ಹೊರಟೆವು. ಅನಕಾಪಲ್ಲಿ, ನರ್ಸೀಪಟ್ನಂ, ಆಮೇಲೆ ಘಟ್ಟ. ಲಂಬಸಿಂಗಿಗೆ ಇನ್ನೊಂದು ಹೆಸರು 'ಕೊರ್ರ ಬಯಲು', ಹೊರಗೆ ಮಲಗಿದರೆ ಚಳಿಗೆ ಕೊರಡಾಗುತ್ತೀರಿ ಅಂತ ಅರ್ಥ. ಮಂಜು ನೋಡಬೇಕೆಂದರೆ ಬೆಳಗಾಗುವ ಮೊದಲೇ ಅಲ್ಲಿರಬೇಕು. ನಾವು ಇಡ್ಲಿ, ಕಾಫಿ ಅಂತ ನಿಂತು ನಿಂತು ಮುಟ್ಟಿದಾಗ ಹತ್ತು ದಾಟಿತ್ತು. ಮಂಜು ಹೋಗಿ ಬಿಸಿಲು ಬಂದಿತ್ತು.

ಮಗಳ ಮುಖ ಸಪ್ಪಗಾಯಿತು. ಚಹದಂಗಡಿಯಲ್ಲಿ ಯಾರೋ ಸೀಲೇರಿನ ಕಡೆಯ ಕಾಡು ಇನ್ನೂ ಚೆನ್ನಾಗಿದೆ ಅಂದರು. ಆ್ಯಪ್ ತೆಗೆದೆ. ನೀಲಿ ಗೆರೆ ಸಲೀಸಾಗಿ ಹೋಗಿತ್ತು. ಊಟ ದಾರಿಯಲ್ಲಿ ಎಲ್ಲಾದರೂ ಮಾಡಿದರಾಯಿತು ಅಂದುಕೊಂಡು ಗಾಡಿ ಮುಂದೆ ಬಿಟ್ಟೆ. ಯಾರಿಗೂ ಹೇಳಲಿಲ್ಲ. ಮನೆಯಲ್ಲಿ, ಓಣಿಯಲ್ಲಿ, ಊರಲ್ಲಿ ಎಲ್ಲರ ಲೆಕ್ಕಕ್ಕೆ ನಾವು ಲಂಬಸಿಂಗಿಯಲ್ಲಿ.

ಚಿಂತಪಲ್ಲಿ, ಗೂಡೆಂ ಕೊತ್ತವೀಧಿ ದಾಟಿದ ಮೇಲೆ ಕಾಡು ಎಷ್ಟು ಚಂದವೋ ಅಂಗಡಿ ಅಷ್ಟೇ ವಿರಳ. ಎರಡು ಗಂಟೆಗೆ ಚಕ್ಕುಲಿ, ಬಿಸ್ಕತ್ತು ತಿಂದೆವು. ಅಮ್ಮ ಮಾತ್ರೆಯನ್ನು ಮಾತ್ರ ಹೊತ್ತಿಗೆ ಸರಿಯಾಗಿ ತೆಗೆದುಕೊಂಡಿದ್ದಳು, ಇನ್ನೇನು ಊಟ ಸಿಗುತ್ತದೆ ಅನ್ನುವ ನಂಬಿಕೆಯಲ್ಲಿ. ಸೀಲೇರು ಮುಟ್ಟುವ ಮೊದಲೇ ಹೊತ್ತಾಯಿತೆಂದು ನಾಲ್ಕಕ್ಕೆ ಗಾಡಿ ತಿರುಗಿಸಿದೆವು. ಐದರ ಹೊತ್ತಿಗೆ ಒಂದು ತಿರುವಿನಲ್ಲಿ ಎದುರಿನ ಲಾರಿಗೆ ದಾರಿ ಬಿಡಲು ಅಂಚಿಗೆ ಇಳಿಸಿದೆ. ಚೂಪುಕಲ್ಲು ಎಡಗಡೆ ಹಿಂದಿನ ಟೈರಿನ ಪಕ್ಕೆ ಸೀಳಿತು.

ಜಾಕ್ ಎಲ್ಲಿದೆ ಅಂತ ಹುಡುಕಲು ಹತ್ತು ನಿಮಿಷ. ನಾಲ್ಕು ವರ್ಷದ ಗಾಡಿ, ಒಮ್ಮೆಯೂ ತೆಗೆದು ನೋಡಿದ್ದಿಲ್ಲ. ಸ್ಟೆಪ್ನಿ ತೆಗೆದು ನೆಲಕ್ಕೆ ಬಿಟ್ಟೆ. ಪುಟಿಯಲಿಲ್ಲ, ಹಳೇ ಹಾಸಿಗೆಯ ಹಾಗೆ ಕೂತಿತು. ಗಾಳಿ ಇಲ್ಲ. ಎರಡೂ ಮೊಬೈಲಿನಲ್ಲಿ ಸಿಗ್ನಲ್ ಇಲ್ಲ. ಐದೂ ಇಪ್ಪತ್ತಕ್ಕೆ ಕತ್ತಲು ಬೀಳತೊಡಗಿತು.

ಆಗ ಅಮ್ಮ ಮೆಲ್ಲಗೆ "ಯಾಕೋ ಕೈ ನಡುಗ್ತಾ ಉಂಟು" ಅಂದಳು. ಮುಖ ಮುಟ್ಟಿದರೆ ಆ ಚಳಿಯಲ್ಲೂ ಬೆವರು. ಸಕ್ಕರೆ ಇಳಿದಿತ್ತು. ನನ್ನ ಕೈಕಾಲು ಆಡಲಿಲ್ಲ. ಅವಳೇ ಪರ್ಸಿನಿಂದ ಕಾಗದದ ಪೊಟ್ಟಣ ತೆಗೆದಳು, ದೇವಸ್ಥಾನದ ಕಲ್ಲುಸಕ್ಕರೆ. ಬಾಯಿಗೆ ಹಾಕಿಕೊಂಡು, ನೀರು ಕುಡಿದು, ಕಣ್ಣು ಮುಚ್ಚಿ ಕೂತಳು. ಹದಿನೈದು ನಿಮಿಷದ ಮೇಲೆ ನಡುಕ ನಿಂತಿತು. ಆ ಹದಿನೈದು ನಿಮಿಷದಲ್ಲಿ ನಾನು ಏನೇನು ಯೋಚಿಸಿದೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಇಡೀ ಕಾರಿನಲ್ಲಿ ಪ್ರಯಾಣಕ್ಕೆ ತಯಾರಾಗಿ ಬಂದಿದ್ದವಳು ಅವಳೊಬ್ಬಳೇ.

ಆರೂವರೆಗೆ ಒಂದು ಸರ್ವೀಸ್ ಜೀಪು ಬಂತು. ಒಳಗೆ, ಮೇಲೆ, ಹಿಂದೆ ಜನ. ಡ್ರೈವರ್ ಇಪ್ಪತ್ತೈದರ ಹುಡುಗ. ಇಳಿದು ನೋಡಿದವನೇ "ಸಾರ್, ಇಕ್ಕಡ ಉಂಡಕಂಡಿ, ಪೊದ್ದು ಪೋಯಿಂದಿ" ಅಂದ. ಇಲ್ಲಿರಬೇಡಿ, ಹೊತ್ತು ಹೋಯಿತು ಅಂತ. ಹೆಂಗಸರು ಸರಿದು ಅಮ್ಮನಿಗೆ ಮುಂದೆ ಜಾಗ ಮಾಡಿದರು. ಸ್ಟೆಪ್ನಿಯನ್ನು ಮೇಲೆ ಎಸೆದು, ಕಾರಿಗೆ ಬೀಗ ಹಾಕಿ ನಾವೂ ಹತ್ತಿದೆವು. ಮುಂದಿನ ಊರಿನಲ್ಲಿ ಬೈಕ್ ಪಂಕ್ಚರ್ ಹಾಕುವವನು ಗಾಳಿ ತುಂಬಿದ. ಪಕ್ಕದ ಮನೆಯಾಕೆ ಅಮ್ಮನನ್ನು ಜಗುಲಿಯಲ್ಲಿ ಕೂರಿಸಿ ಒಂದು ಲೋಟ 'ಚೋಡಿ ಅಂಬಲಿ' ಕೊಟ್ಟಳು. ಒಂದು ಗುಟುಕು ಕುಡಿದ ಅಮ್ಮನ ಮುಖ ಅರಳಿತು. "ಇದು ರಾಗಿ ಅಲ್ದನಾ!" ಇಬ್ಬರಿಗೂ ಒಬ್ಬರ ಮಾತು ಒಬ್ಬರಿಗೆ ಬಾರದು, ಆದರೆ ರಾಗಿಯ ವಿಷಯ ಅರ್ಧ ಗಂಟೆ ಮಾತಾಡಿದರು.

ಆ ಹುಡುಗನೇ ನನ್ನನ್ನು ವಾಪಸು ಕರೆದೊಯ್ದು ಚಕ್ರ ಹಾಕಿಕೊಟ್ಟ. ದುಡ್ಡು ಕೊಡಲು ಮೊಬೈಲು ತೆಗೆದೆ. ನೆಟ್‌ವರ್ಕೇ ಇಲ್ಲದ ಕಡೆ ಸ್ಕ್ಯಾನ್ ಮಾಡಿ ದುಡ್ಡು ಕಳಿಸುತ್ತೇನೆ ಅಂದೆ, ನೋಡಿ! ಹೆಂಡತಿಯ ಪರ್ಸಿನಲ್ಲಿದ್ದ ಆರುನೂರು ರೂಪಾಯಿ ಕೊಟ್ಟೆವು. ಅವನು ಎಣಿಸಲೂ ಇಲ್ಲ. ರಾತ್ರಿ ಚಿಂತಪಲ್ಲಿಯ ಲಾಡ್ಜಿನಲ್ಲಿ ಮಲಗಿ ಬೆಳಗ್ಗೆ ಇಳಿದೆವು.

ಮೇಸ್ತ್ರಿಯ ಪಾಠ

ಮರುದಿನ ಟೈರ್ ಬದಲಿಸಲು ಕೋಟವೀಧಿ ಹತ್ತಿರದ ಅಂಗಡಿಗೆ ಹೋದೆ. ಅಂಗಡಿಯ ಹಿರಿಯರು ಒಂದು ಕಾಲಕ್ಕೆ ಬಂದರಿನಿಂದ ಜೈಪುರ, ಕೊರಾಪುಟ್‌ಗೆ ಲಾರಿ ಓಡಿಸಿದವರು. ಎಲ್ಲರೂ 'ಮೇಸ್ತ್ರಿ ಗಾರು' ಅನ್ನುತ್ತಾರೆ. ನನ್ನ ಕಥೆ ಕೇಳಿ ನಗಲಿಲ್ಲ. ಉಳಿದ ಮೂರು ಟೈರುಗಳ ಪಕ್ಕೆಯನ್ನು ಬೆರಳಲ್ಲಿ ಒರೆಸಿ ನಾಲ್ಕಂಕಿಯ ಗುರುತು ತೋರಿಸಿದರು. ಮೊದಲ ಎರಡು ಅಂಕಿ ವಾರ, ಕೊನೆಯ ಎರಡು ವರ್ಷ. 2319 ಅಂದರೆ 2019ನೇ ಇಸವಿಯ ಇಪ್ಪತ್ತಮೂರನೇ ವಾರದಲ್ಲಿ ತಯಾರಾದದ್ದು. ಹೂವು ಚೆನ್ನಾಗಿ ಕಂಡರೂ ರಬ್ಬರಿಗೆ ವಯಸ್ಸಾಗುತ್ತದೆ. ಹೂವಿನ ಆಳ 1.6 ಮಿಲಿಮೀಟರಿಗೆ ಬಂದರೆ ಟೈರ್ ಮುಗಿಯಿತು, ಅದನ್ನು ತೋರಿಸಲು ಸಂದಿಯಲ್ಲೇ ಸಣ್ಣ ಉಬ್ಬು ಇರುತ್ತದೆ. ಆದರೆ ಮಳೆ, ಘಟ್ಟ ಅಂದರೆ ಅಲ್ಲಿಯವರೆಗೆ ಕಾಯಬಾರದು.

ಅವರು ಹೇಳಿದ್ದರಲ್ಲಿ ನನಗೆ ಬಾಯಿಪಾಠವಾದ ಮಾತು ಇದು: "ಎಕ್ಕೇದಿ ಡ್ರೈವರು, ದಿಗೇದಿ ಗೇರು." ಹತ್ತುವುದು ಡ್ರೈವರ್, ಇಳಿಯುವುದು ಗೇರು. ಘಟ್ಟ ಇಳಿಯುವಾಗ ಬ್ರೇಕಿನ ಮೇಲೇ ಕಾಲಿಟ್ಟುಕೊಂಡಿದ್ದರೆ ಬ್ರೇಕು ಕಾಯುತ್ತದೆ, ಎಣ್ಣೆ ಕುದಿಯುತ್ತದೆ, ಆಮೇಲೆ ಎಷ್ಟು ತುಳಿದರೂ ಪೆಡಲು ಮೆತ್ತಗೆ ಒಳಗೆ ಹೋಗುತ್ತದೆ. ಯಾವ ಗೇರಿನಲ್ಲಿ ಹತ್ತಿದಿರೋ ಅದೇ ಗೇರಿನಲ್ಲಿ ಇಳಿಯಿರಿ, ಎಂಜಿನ್ನೇ ಗಾಡಿಯನ್ನು ಹಿಡಿದುಕೊಳ್ಳುತ್ತದೆ. ಆಟೊಮ್ಯಾಟಿಕ್ ಗಾಡಿಯಾದರೆ 'ಎಲ್' ಅಥವಾ ಮ್ಯಾನುವಲ್ ಮೋಡಿಗೆ ಹಾಕಿ. ನ್ಯೂಟ್ರಲ್ ಮಾಡಿ ಪೆಟ್ರೋಲ್ ಉಳಿಸುವ ಬುದ್ಧಿವಂತಿಕೆ ಬೇಡವೇ ಬೇಡ. ಬ್ರೇಕ್ ಎಣ್ಣೆ ಗಾಳಿಯ ತೇವ ಹೀರಿಕೊಳ್ಳುತ್ತದೆ. ತೇವ ಸೇರಿದ ಎಣ್ಣೆ ಬೇಗ ಕುದಿಯುತ್ತದೆ, ಅದಕ್ಕೇ ಎರಡು ವರ್ಷಕ್ಕೊಮ್ಮೆ ಬದಲಿಸಬೇಕು.

ಕಿರಿದಾದ ಕಡೆ ಹತ್ತುವ ಗಾಡಿಗೆ ಮೊದಲು ದಾರಿ. ನಿಯಮವೂ ಅದೇ, ಕಾರಣವೂ ಸರಳ: ಏರಿನಲ್ಲಿ ನಿಂತ ಗಾಡಿಯನ್ನು ಮತ್ತೆ ಎತ್ತುವುದು ಕಷ್ಟ. ಮಂಜಿದ್ದರೆ ಲೈಟು ಕೆಳಗೆ. ಹೈ ಬೀಮ್ ಹಾಕಿದರೆ ಬೆಳಕು ಮಂಜಿಗೇ ಹೊಡೆದು ನಿಮ್ಮ ಕಣ್ಣಿಗೇ ಬರುತ್ತದೆ. ಓಡುವ ಗಾಡಿಯಲ್ಲಿ ನಾಲ್ಕೂ ಇಂಡಿಕೇಟರ್ ಮಿಣುಕಿಸಬೇಡಿ, ನೀವು ನಿಂತಿದ್ದೀರೋ ತಿರುಗುತ್ತೀರೋ ಹಿಂದಿನವನಿಗೆ ತಿಳಿಯುವುದಿಲ್ಲ. ಗಾಡಿ ನಿಂತಾಗ ಚಕ್ರಕ್ಕೆ ಕಲ್ಲು ಕೊಡಿ. ಹೊರಡುವಾಗ ಆ ಕಲ್ಲನ್ನು ರಸ್ತೆಯಿಂದ ಪಕ್ಕಕ್ಕೆ ಹಾಕಿ. "ಮೀರು ವದಿಲೇಸಿನ ರಾಯಿ ಇಂಕೊಕಡಿ ಟೈರು" ಅಂದರು. ನೀವು ಬಿಟ್ಟುಹೋದ ಕಲ್ಲು ಇನ್ನೊಬ್ಬನ ಟೈರು.

ಈಗ ನಮ್ಮ ಮನೆಯ ಪಟ್ಟಿ

ಆಫೀಸಿನಲ್ಲಿ ಸರ್ವರ್ ಬದಲಿಸುವ ಮೊದಲು ಕೆಟ್ಟರೆ ವಾಪಸು ಹೋಗುವುದು ಹೇಗೆ ಅಂತ ಬರೆದಿಡದೆ ನಾವು ಒಂದು ಗುಂಡಿ ಒತ್ತುವುದಿಲ್ಲ. ಅದೇ ನಾನು ಮನೆಯವರನ್ನೆಲ್ಲ ಕೂರಿಸಿಕೊಂಡು ಯಾವ ಯೋಜನೆಯೂ ಇಲ್ಲದೆ ಕಾಡಿಗೆ ಹೋಗಿದ್ದೆ. ಈಗ ಫ್ರಿಜ್ಜಿನ ಮೇಲೆ ಒಂದು ಕಾಗದ ಅಂಟಿಸಿದ್ದೇವೆ. ಅದರಲ್ಲಿರುವುದು ಇಷ್ಟು.

ಒಂದು, ತಿರುಗುವ ಗಂಟೆ. ಎಲ್ಲಿ ಮುಟ್ಟಿದ್ದರೂ ಸರಿ, ಈ ಗಂಟೆಗೆ ಗಾಡಿ ತಿರುಗಿಸಬೇಕು ಅಂತ ಹೊರಡುವ ಮೊದಲೇ ತೀರ್ಮಾನ. ಕರ್ನಾಟಕದಿಂದ ಬರುವವರು ಇಲ್ಲೊಂದು ಗಮನಿಸಬೇಕು. ಗಡಿಯಾರ ಒಂದೇ ಆದರೂ ಸೂರ್ಯ ಒಂದೇ ಅಲ್ಲ. ಡಿಸೆಂಬರ್ ಮೊದಲ ವಾರ ಮಂಗಳೂರಿನಲ್ಲಿ ಸೂರ್ಯ ಮುಳುಗುವುದು ಆರರ ಆಸುಪಾಸಿಗೆ, ವಿಶಾಖಪಟ್ಟಣದಲ್ಲಿ 5.20ರ ಆಸುಪಾಸಿಗೆ. ಹೆಚ್ಚುಕಡಿಮೆ 40 ನಿಮಿಷ ಮೊದಲು. ಗುಡ್ಡದ ನೆರಳಿನಲ್ಲಿ ಇನ್ನೂ ಬೇಗ. "ಆರಕ್ಕೆ ತಾನೇ ಕತ್ತಲಾಗೋದು" ಅನ್ನುವ ನಮ್ಮ ಊರಿನ ಅಭ್ಯಾಸ ಇಲ್ಲಿ ಕೈಕೊಡುತ್ತದೆ. ನಮ್ಮ ತಿರುಗುವ ಗಂಟೆ ಈಗ ಮಧ್ಯಾಹ್ನ ಎರಡು. ಆ್ಯಪ್ ಎರಡು ತಾಸು ಅಂದರೆ ಘಟ್ಟದಲ್ಲಿ ಮೂರು ಅಂತ ಲೆಕ್ಕ.

ಎರಡು, ಇಬ್ಬರಿಗೆ ಹೇಳಿ ಹೊರಡುವುದು. ದಾರಿ ಯಾವುದು, ರಾತ್ರಿ ಎಲ್ಲಿ, ಎಷ್ಟು ಹೊತ್ತಿಗೆ ಫೋನ್ ಬರಬೇಕು, ಬಾರದಿದ್ದರೆ ಏನು ಮಾಡಬೇಕು. ದಾರಿ ಬದಲಾದರೆ ಸಿಗ್ನಲ್ ಇರುವಾಗಲೇ ಮೆಸೇಜು. ನಾವು ಅಂದು ಬರದೇ ಹೋಗಿದ್ದರೆ ಜನ ಹುಡುಕುತ್ತಿದ್ದದ್ದು ಬೇರೆಯೇ ಘಟ್ಟದಲ್ಲಿ.

ಮೂರು, ಮೊಬೈಲಿನ ಮೇಲೆ ಪೂರ್ತಿ ಭಾರ ಹಾಕದಿರುವುದು. ಮ್ಯಾಪನ್ನು ಮನೆಯ ವೈಫೈಯಲ್ಲೇ ಡೌನ್‌ಲೋಡ್ ಮಾಡಿಕೊಳ್ಳಿ. ಜಿಪಿಎಸ್ ಉಪಗ್ರಹದಿಂದ ಬರುವುದು, ಸಿಮ್ ಇಲ್ಲದಿದ್ದರೂ ನೀವಿರುವ ಜಾಗ ತೋರಿಸುತ್ತದೆ. ಸಿಗ್ನಲ್ ಇಲ್ಲದ ಕಡೆ ಫೋನು ಟವರ್ ಹುಡುಕಿ ಹುಡುಕಿ ಬ್ಯಾಟರಿ ಖಾಲಿ ಮಾಡುತ್ತದೆ, ಏರ್‌ಪ್ಲೇನ್ ಮೋಡಿಗೆ ಹಾಕಿಡಿ. ಎರಡು ಬೇರೆ ಬೇರೆ ಕಂಪನಿಯ ಸಿಮ್ ಇರಲಿ. 112ಕ್ಕೆ ಮಾಡುವ ಕರೆ ನಿಮ್ಮದಲ್ಲದ ಕಂಪನಿಯ ಟವರಿನಿಂದಲೂ ಹೋಗುತ್ತದೆ, ಆದ್ದರಿಂದ ಸಿಗ್ನಲ್ ಇಲ್ಲವೆಂದು ಪ್ರಯತ್ನ ಬಿಡಬೇಡಿ. ಆಂಬುಲೆನ್ಸಿಗೆ 108, ರಾಷ್ಟ್ರೀಯ ಹೆದ್ದಾರಿಯಲ್ಲಿ 1033. ಮುಖ್ಯ ನಂಬರುಗಳು ಕಾಗದದಲ್ಲೂ ಇರಲಿ. ಹೊರದೇಶದಿಂದ ಬರುವ ಗೆಳೆಯರು ಸ್ಯಾಟಲೈಟ್ ಫೋನ್ ತರುತ್ತೇವೆ ಅಂದರೆ ಬೇಡ ಅನ್ನಿ. ಅನುಮತಿ ಇಲ್ಲದೆ ಅದನ್ನು ಇಟ್ಟುಕೊಳ್ಳುವುದು ನಮ್ಮ ದೇಶದಲ್ಲಿ ಅಪರಾಧ.

ನಾಲ್ಕು, ಗಾಡಿ. ಸ್ಟೆಪ್ನಿ ಸೇರಿ ಐದು ಟೈರಿಗೂ ಗಾಳಿ, ಅದೂ ಟೈರ್ ತಣ್ಣಗಿರುವಾಗ. ಜಾಕು, ಸ್ಪ್ಯಾನರು ಹೊರಗೆ ತೆಗೆದು ಮನೆಯ ಮುಂದೆ ಒಮ್ಮೆ ಚಕ್ರ ಬಿಚ್ಚಿ ಹಾಕಿ ನೋಡಿ. ಕಂಪನಿಯವರು ಬಿಗಿದ ಬೋಲ್ಟು ನಿಮ್ಮ ಕೈಗೆ ಬರುತ್ತದೋ ಇಲ್ಲವೋ ಅಲ್ಲೇ ಗೊತ್ತಾಗಲಿ. ಕಾರಿನ ಸಾಕೆಟ್ಟಿಗೆ ಸಿಕ್ಕಿಸುವ ಗಾಳಿ ಪಂಪು, ಟ್ಯೂಬ್‌ಲೆಸ್ ಪಂಕ್ಚರ್ ಕಿಟ್ಟು, ಒಂದು ಹಗ್ಗ, ತಲೆಗೆ ಕಟ್ಟುವ ಟಾರ್ಚು. ಕೆಂಪು ತ್ರಿಕೋನವನ್ನು ಗಾಡಿಯ ಬುಡದಲ್ಲಿಟ್ಟರೆ ಪ್ರಯೋಜನವಿಲ್ಲ. ತಿರುವಿದ್ದರೆ ತಿರುವಿನ ಆಚೆಗೇ ಇಡಬೇಕು. ಬಿಸಿಯಾದ ರೇಡಿಯೇಟರ್ ಮುಚ್ಚಳ ತೆಗೆಯಬೇಡಿ. ಪೆಟ್ರೋಲು ನರ್ಸೀಪಟ್ನಂನಲ್ಲಿ, ಅರಕು ಕಡೆಯಾದರೆ ಶೃಂಗವರಪುಕೋಟದಲ್ಲಿ ಭರ್ತಿ ಮಾಡಿಸಿ.

ಐದು, ಹೊಟ್ಟೆ ಮತ್ತು ಔಷಧಿ. ಆ ದಿನದ ಊಟ ಡಬ್ಬಿಯಲ್ಲಿ, ಒಂದು ಹೊತ್ತಿನದು ಹೆಚ್ಚಿಗೆ. ನಮ್ಮಲ್ಲಿ ಅವಲಕ್ಕಿ, ಚಪಾತಿ, ಬೆಲ್ಲ. ಸಕ್ಕರೆ ಕಾಯಿಲೆಯವರಿದ್ದರೆ ಊಟ ಕಣ್ಣೆದುರು ಬಂದ ಮೇಲೆಯೇ ಮಾತ್ರೆ. ಕಲ್ಲುಸಕ್ಕರೆ, ಗ್ಲೂಕೋಸು ಕೈಗೆ ಸಿಗುವ ಹಾಗೆ. ಎರಡು ದಿನದ ಔಷಧಿ ಹೆಚ್ಚಿಗೆ ಇರಲಿ, ವೈದ್ಯರ ಚೀಟಿಯ ಫೋಟೋ ಇರಲಿ. ತಿರುವಿಗೆ ವಾಂತಿಯಾಗದಿರಲು ತೆಗೆದುಕೊಳ್ಳುವ ಮಾತ್ರೆಗೆ ನಿದ್ದೆ ಬರುತ್ತದೆ, ಓಡಿಸುವವರು ತೆಗೆದುಕೊಳ್ಳಬಾರದು. ಹಾವು ಕಚ್ಚಿದರೆ ಕಟ್ಟುವುದು, ಕೊಯ್ಯುವುದು, ಹೀರುವುದು ಯಾವುದೂ ಬೇಡ. ಕೈಕಾಲು ಅಲುಗಿಸದೆ ಪಾಡೇರು ಅಥವಾ ನರ್ಸೀಪಟ್ನಂ ಆಸ್ಪತ್ರೆಯತ್ತ ಹೊರಡಿ. ಇದು ಮಲೇರಿಯಾ ಇರುವ ಸೀಮೆ. ಸಂಜೆಗೆ ತೋಳು ಮುಚ್ಚುವ ಬಟ್ಟೆ, ಸೊಳ್ಳೆ ಕ್ರೀಮು ಬೇಕು. ಊರಿಗೆ ಮರಳಿದ ಮೇಲೆ ಒಂದೆರಡು ತಿಂಗಳೊಳಗೆ ಜ್ವರ ಬಂದರೆ "ಏಜೆನ್ಸಿಗೆ ಹೋಗಿದ್ದೆ" ಅಂತ ಡಾಕ್ಟರಿಗೆ ನೀವಾಗಿ ಹೇಳಿ. ಬೆಂಗಳೂರಿನ ಡಾಕ್ಟರು ತಾವಾಗಿ ಕೇಳುವುದು ಕಡಿಮೆ.

ಆರು, ನಗದು. ನೂರು, ಐವತ್ತರ ನೋಟಿನಲ್ಲಿ ಎರಡು ಮೂರು ಸಾವಿರ.

ಏಳು, ಮಳೆಗಾಲದಲ್ಲಿ ಎಲ್ಲಿ ನಿಲ್ಲುತ್ತೇವೆ ಅನ್ನುವುದು. ಇದನ್ನು ಕಲಿಸಿದ್ದು ಇಲ್ಲಿನ ಘಟ್ಟವಲ್ಲ, ನಮ್ಮದೇ ಶಿರೂರು. 2024ರ ಜುಲೈ 16ರ ಬೆಳಗ್ಗೆ ಅಂಕೋಲಾ ಹತ್ತಿರ ಹೆದ್ದಾರಿ 66ಕ್ಕೆ ಗುಡ್ಡ ಜಾರಿ, ದಾರಿ ಬದಿಯ ಚಹದಂಗಡಿಯನ್ನೂ ಅಲ್ಲಿದ್ದವರನ್ನೂ ಲಾರಿಗಳನ್ನೂ ಗಂಗಾವಳಿ ನದಿಗೆ ನೂಕಿತು. ಕೇರಳದ ಲಾರಿಯೊಂದು ನದಿಯಿಂದ ಮೇಲೆ ಬಂದದ್ದು ಸೆಪ್ಟೆಂಬರ್ ಕೊನೆಗೆ. ರಸ್ತೆ ಅಗಲಿಸಲು ನೆಟ್ಟಗೆ ಕಡಿದ ಗುಡ್ಡದ ಬುಡದಲ್ಲಿ ಮಳೆಯಲ್ಲಿ ಚಹಕ್ಕೂ ನಿಲ್ಲಬಾರದು, ಫೋಟೋಗೂ ನಿಲ್ಲಬಾರದು. ಮೇಲಿಂದ ಸಣ್ಣ ಕಲ್ಲು ಉದುರುತ್ತಿದ್ದರೆ, ಗುಡ್ಡದ ನೀರು ಇದ್ದಕ್ಕಿದ್ದಂತೆ ಕೆಂಪಾದರೆ, ಅಲ್ಲಿಂದ ಹೊರಡಿ. ಇಲ್ಲಿನ ಅನಂತಗಿರಿ, ಪಾಡೇರು, ಮಾರೇಡುಮಿಲ್ಲಿ ಘಟ್ಟಗಳಿಗೂ ಇದೇ ಮಾತು. ಬಂಗಾಳಕೊಲ್ಲಿಯಲ್ಲಿ ವಾಯುಭಾರ ಕುಸಿತದ ಸುದ್ದಿ ಬಂದರೆ ಟ್ರಿಪ್ ಮುಂದೂಡಿ. ಇಲ್ಲಿ ಚಂಡಮಾರುತ ಬರುವುದು ಅಕ್ಟೋಬರ್, ನವೆಂಬರಿನಲ್ಲೇ. ಹುದ್‌ಹುದ್ ಈ ಊರಿಗೆ ಅಪ್ಪಳಿಸಿದ್ದು 2014ರ ಅಕ್ಟೋಬರ್ 12ರಂದು.

ಜನರ ವಿಷಯ

ಇದು ಭಗತ, ಕೊಂಡದೊರ, ಕೊಂಧ, ವಾಲ್ಮೀಕಿ, ಪೊರಜ ಮುಂತಾದವರ ಊರು, ನಮ್ಮ ಪಿಕ್ನಿಕ್ ಜಾಗವಲ್ಲ. ಸಂತೆಗೆ ಬಂದ ಹೆಂಗಸರ ಮುಖಕ್ಕೆ ಕೇಳದೆ ಮೊಬೈಲ್ ಹಿಡಿಯಬೇಡಿ. ದಾರಿಯಲ್ಲಿ ಬಾಟಲಿ ಒಡೆಯಬೇಡಿ. ಗಾಂಜಾ ಸಾಗಾಟ ತಡೆಯಲು ಈ ರಸ್ತೆಗಳಲ್ಲಿ ಪೊಲೀಸರು ಗಾಡಿ ತಪಾಸಣೆ ಮಾಡುತ್ತಾರೆ. ಸಿಟ್ಟಾಗದೆ ಡಿಕ್ಕಿ ತೆಗೆದು ತೋರಿಸಿ, ಗುರುತಿನ ಚೀಟಿ ಹತ್ತಿರವಿರಲಿ, ಮತ್ತು ಗುರುತಿಲ್ಲದವರು ಕೊಟ್ಟ ಚೀಲ, ಪೊಟ್ಟಣ ಯಾವುದನ್ನೂ ಗಾಡಿಯಲ್ಲಿ ಇಟ್ಟುಕೊಳ್ಳಬೇಡಿ.

ಹಾಗೆಯೇ, ದಾರಿಯಲ್ಲಿ ಅಪಘಾತ ಕಂಡರೆ ಪೊಲೀಸ್ ಕೇಸಿನ ಭಯದಿಂದ ಮುಂದೆ ಹೋಗಬೇಡಿ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿಸಿದ 134-ಎ ಕಲಮು ಒಳ್ಳೇ ಮನಸ್ಸಿನಿಂದ ನೆರವಾದವರಿಗೆ ರಕ್ಷಣೆ ಕೊಡುತ್ತದೆ. ಹೆಸರು ಹೇಳುವಂತೆ ಬಲವಂತ ಮಾಡುವ ಹಾಗಿಲ್ಲ. ಆ ಜೀಪಿನ ಹುಡುಗ ಇದನ್ನೆಲ್ಲ ಓದಿ ನಿಂತವನಲ್ಲ. ಕತ್ತಲಲ್ಲಿ ಒಂದು ಕಾರು, ಒಳಗೊಬ್ಬ ಮುದುಕಿ, ಒಂದು ಮಗು ಕಂಡಿತು, ನಿಂತ. ಅಷ್ಟೆ. ಆದರೆ ಅವನಂಥವನು ಬರುತ್ತಾನೆ ಅಂತ ನಂಬಿ ಮನೆ ಬಿಡುವುದು ತಯಾರಿಯಲ್ಲ. ಅಂದು ಬಂದ, ಅದು ನಮ್ಮ ಪುಣ್ಯ.

ಇಷ್ಟೆಲ್ಲ ಓದಿ ಹೆದರಿಕೊಂಡು ಟ್ರಿಪ್ ಕ್ಯಾನ್ಸಲ್ ಮಾಡಬೇಡಿ ಮಾರಾಯ್ರೆ. ಕಾರೇ ಬೇಡವೆಂದರೆ ಕೊತ್ತವಲಸ–ಕಿರಂಡೂಲ್ ರೈಲು ಮಾರ್ಗವಿದೆ, ಸುರಂಗದ ಮೇಲೆ ಸುರಂಗ ದಾಟುತ್ತ ಅರಕುವಿಗೆ ಕೂತಲ್ಲೇ ಹೋಗಬಹುದು. ನಾವೂ ಹೋಗುವುದನ್ನು ನಿಲ್ಲಿಸಿಲ್ಲ. ಫೆಬ್ರವರಿಯಲ್ಲಿ ಮತ್ತೆ ಅದೇ ದಾರಿಗೆ ಹೋದೆವು. ಈ ಸಲ ಹಿಂದಿನ ರಾತ್ರಿಯೇ ಲಂಬಸಿಂಗಿಯಲ್ಲಿ ಉಳಿದೆವು, ಮಗಳಿಗೆ ಮಂಜು ಸಿಕ್ಕಿತು. ಅಂಬಲಿ ಕೊಟ್ಟ ಮನೆಗೆ ಅಮ್ಮ ಕಳಿಸಿದ್ದ ಅಪ್ಪೆಮಿಡಿ ಉಪ್ಪಿನಕಾಯಿ ಕೊಟ್ಟೆವು. ಜೀಪಿನ ಹುಡುಗ ಸಿಗಲಿಲ್ಲ, ಯಾವುದೋ ಬಾಡಿಗೆಗೆ ಹೋಗಿದ್ದ. ಎರಡು ಗಂಟೆಗೆ ಸರಿಯಾಗಿ ಗಾಡಿ ತಿರುಗಿಸಿದೆವು. ಸೀಲೇರು ಈ ಸಲವೂ ನೋಡಲಾಗಲಿಲ್ಲ. ಅದೇನು ಓಡಿಹೋಗುತ್ತದೆಯೇ, ಮುಂದಿನ ಸಲ ನೋಡಿದರಾಯಿತು.

ನಿಮ್ಮ ಊರಿನ ಘಟ್ಟ, ಕಾಡುದಾರಿಗಳಲ್ಲಿ ನೀವು ಕಲಿತ ಪಾಠವಿದ್ದರೆ ಪತ್ರಿಕೆಗೆ ಬರೆದು ಕಳಿಸಿ, ಫ್ರಿಜ್ಜಿನ ಮೇಲಿನ ಕಾಗದದಲ್ಲಿ ಇನ್ನೂ ಜಾಗವಿದೆ. ಈ ಶನಿವಾರ ಪುಣೆಯ ಗೆಳೆಯ ಸಂಸಾರ ಸಮೇತ ಬರುತ್ತಿದ್ದಾನೆ, ಅರಕುವಿಗೆ ಹೊರಟಿದ್ದೇವೆ. ನಿನ್ನೆ ರಾತ್ರಿ ಅಮ್ಮನಿಗೆ ಫೋನಿನಲ್ಲಿ ಹೇಳಿದೆ. ಮೊದಲೆಲ್ಲ ಅವಳು "ಊಟ ಆತಾ?" ಅಂತ ಶುರು ಮಾಡುತ್ತಿದ್ದಳು. ಈಗ ಘಟ್ಟದ ಸುದ್ದಿ ಬಂದರೆ ಮೊದಲ ಪ್ರಶ್ನೆ ಬೇರೆ.

"ಸ್ಟೆಪ್ನಿಗೆ ಗಾಳಿ ನೋಡಿದ್ಯಾ?"

ನೋಡಿದೆ ಅಮ್ಮ.